‘ಮೇಲ್ಗಡೆ’ ಅಂದರೆ ಎಲ್ಲಿಯವರೆಗೆ?
ಈ ವಾರ ಚನ್ನರಾಯಪಟ್ಟಣದ ಹತ್ತಿರ ಹೇಮಾವತಿ ನಾಲೆಗೆ ನೀರು ಬಂತು. ತೂಬಿನ ಬಾಯಲ್ಲಿ ಮೊದಲು ಒಣಗಿದ ತರಗೆಲೆ, ಕಸಕಡ್ಡಿ, ಹಿಂದೆಯೇ ತಣ್ಣನೆಯ ನೀರು. ಗುದ್ದಲಿ ಹಿಡಿದಿದ್ದ ರೈತರೊಬ್ಬರು, ‘ಮೇಲ್ಗಡೆ ಮಳೆ ಚೆನ್ನಾಗಿ ಹಿಡ್ಕೊಂಡೈತೆ ಬುಡಿ’ ಎಂದರು. ಆ ‘ಮೇಲ್ಗಡೆ’ ಸಕಲೇಶಪುರಕ್ಕೇ ಮುಗಿಯುವುದಿಲ್ಲ. ಬಿಸಿಲೆಯ ದಿಣ್ಣೆಯ ಮೇಲೆ ಬಿದ್ದ ಮಳೆ ಒಂದು ಮಗ್ಗುಲಿಗೆ ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿಗೆ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಗುಜರಾತಿನಿಂದ ತಮಿಳುನಾಡಿನವರೆಗೆ ಆರು ರಾಜ್ಯಗಳಿಗೆ ಹರಡಿದ ಪಶ್ಚಿಮ ಘಟ್ಟ ಅದು. ಹೀಗೇ ಹಲವರಿಗೆ ಸೇರಿದ ಅಮೆಜಾನ್ ಕಾಡನ್ನು ನೋಡಿ: ಅದನ್ನು ಹಂಚಿಕೊಂಡ ಎಂಟು ದೇಶಗಳು 1978ರಲ್ಲೇ ಸಹಕಾರ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿ ಕಾಡು ಕಡಿಯುವುದು ನಿಂತಿಲ್ಲ, ನಿಜ. ಆದರೆ ಕೂತು ಮಾತಾಡಲು ಅವರಿಗೊಂದು ಮೇಜಿದೆ. ಒಂದೇ ದೇಶದ ನಮ್ಮ ಆರು ರಾಜ್ಯಗಳಿಗೆ ಅದೂ ಕೂಡಿಬಂದಿಲ್ಲ. 2014ರಿಂದ 2024ರವರೆಗೆ ಘಟ್ಟದ ಒಂದು ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಲು ಕೇಂದ್ರ ಆರು ಸಲ ಕರಡು ಅಧಿಸೂಚನೆ ಹೊರಡಿಸಿತು; 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಂಪುಟ ಅದಕ್ಕೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಮಲೆನಾಡಿನ ಬೆಳೆಗಾರರ ಆತಂಕ ಸುಳ್ಳಲ್ಲ, ಅವರ ತೋಟ, ಮನೆ ಇರುವುದೇ ಅಲ್ಲಿ. ನನ್ನ ತಕರಾರು ಬೇರೆ. ಆ ಕಾಡಿನ ನೀರು ಕುಡಿಯುವ ನಾವು ಈ ಚರ್ಚೆಯಲ್ಲಿ ಬಾಯಿ ಬಿಡಲೇ ಇಲ್ಲ. ಕಾಡು ಉಳಿಸುವ ಭಾರವನ್ನೆಲ್ಲ ಮೇಲಿನವರ ಹೆಗಲಿಗೆ ಹಾಕಿ, ಹೇಮಾವತಿಯ ಗೊರೂರು ಅಣೆಕಟ್ಟೆ ತುಂಬಿತೇ ಎಂದಷ್ಟೇ ಕೇಳುತ್ತ ಬಂದೆವು. ಮುಂದಿನ ಸಲ ಕರಡು ಬಂದಾಗ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗ್ರಾಮಸಭೆಗಳಲ್ಲೂ ಅದನ್ನು ಕನ್ನಡದಲ್ಲಿ ಓದಿಸಿ, ನಮ್ಮ ಅಭಿಪ್ರಾಯವನ್ನೂ ಬರೆದುಕೊಳ್ಳಿ.