ಹೊತ್ತಿಸುವ ಮಾತು

ಇಂಗ್ಲಿಷಿನ ‘ಕಿಂಡಲ್’ ಎಂಬ ಕ್ರಿಯಾಪದವನ್ನು ತರಗತಿಯಲ್ಲಿ ಉಚ್ಚರಿಸಿದೊಡನೆ ಮೈಸೂರಿನ ವಿದ್ಯಾರ್ಥಿಗಳ ಮುಖದಲ್ಲಿ ನಗೆ ಸುಳಿಯುವುದುಂಟು. ಅವರಿಗೆ ಕಿಂಡಲ್ ಎಂದರೆ ಗೇಲಿ. ತಮಿಳಿನಲ್ಲಿ ‘ಕಿಂಡು’ ಎಂದರೆ ಕೆದಕು, ಕಲಕು ಎಂದರ್ಥ. ಅದರಿಂದ ಹುಟ್ಟಿದ ಮಾತು ನಮ್ಮ ಬೀದಿಗಳಲ್ಲಿ ಬಂದು ನೆಲಸಿದೆ. ಇನ್ನು ಕೆಲವರಿಗೆ ಅದು 2007ರಲ್ಲಿ ಅಮೆಜಾನ್ ಸಂಸ್ಥೆ ಹೊರತಂದ ಓದುವ ಯಂತ್ರದ ಹೆಸರು. ಒಲೆ ಹೊತ್ತಿಸುವ ಮೂಲಾರ್ಥವು ನೆನಪಾಗುವುದು ಕಡೆಯಲ್ಲಿ.

ಆದರೆ ಈ ಪದದ ಚರಿತ್ರೆ ಸ್ವಾರಸ್ಯವಾದುದು. ಉತ್ತರ ಸಮುದ್ರವನ್ನು ದಾಟಿ ಇಂಗ್ಲೆಂಡಿನಲ್ಲಿ ನೆಲಸಿದ ಸ್ಕ್ಯಾಂಡಿನೇವಿಯದ ಜನರ ಮಾತಿನಿಂದ, ‘ಬೆಂಕಿ ಹಚ್ಚು’ ಎಂಬರ್ಥದ ‘ಕಿಂಡ’ ಎಂಬ ಕ್ರಿಯಾಪದದ ಮೂಲಕ, ಸುಮಾರು 1200ರ ವೇಳೆಗೆ ಅದು ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿತು. ಇದೇ ರೂಪದ ಇನ್ನೊಂದು ಕ್ರಿಯಾಪದವೂ ಆ ಭಾಷೆಯಲ್ಲಿತ್ತು. ಅದರ ಅರ್ಥ ಮರಿಹಾಕುವುದು. ವಿಶೇಷವಾಗಿ ಮೊಲ ಮರಿಹಾಕುವುದು. ಷೇಕ್ಸ್‌ಪಿಯರನ ‘ಆಸ್ ಯೂ ಲೈಕ್ ಇಟ್’ ನಾಟಕದ ರೋಸಲಿಂಡ್ ಆ ಅರ್ಥದಲ್ಲಿಯೇ ಅದನ್ನು ಆಡುತ್ತಾಳೆ. ಇದು ಕುಲವಾಚಕವಾದ ‘ಕೈಂಡ್’ ಪದದ ಬಳಗಕ್ಕೆ ಸೇರಿದ್ದು. ದೂರದಲ್ಲಿ ಸಂಸ್ಕೃತದ ‘ಜನ್’ ಧಾತುವಿಗೂ ನೆಂಟ. ಬೆಂಕಿಯ ಮಾತೊಂದು, ಹೆರಿಗೆಯ ಮಾತೊಂದು. ವೇಷ ಮಾತ್ರ ಒಂದೇ.

ಭಾಷಾಶಾಸ್ತ್ರ ಇವೆರಡನ್ನೂ ಬೇರೆಯಾಗಿ ಇಡುತ್ತದೆ, ಇಡಲೇಬೇಕು. ಆದರೂ ವೈದಿಕ ಕವಿಗಳನ್ನು ಬಲ್ಲ ನಮಗೆ ಈ ಆಕಸ್ಮಿಕ ಅಚ್ಚರಿಯದಾಗಿ ತೋರುವುದಿಲ್ಲ. ಎರಡು ಅರಣಿಗಳನ್ನು ಮಥಿಸಿದಾಗ ಕಾಣಿಸಿಕೊಂಡ ಅಗ್ನಿಯನ್ನು ಅವರು ಆಗ ತಾನೆ ಹುಟ್ಟಿದ ಶಿಶುವೆಂದೇ ಕರೆದರು, ಅರಣಿಗಳು ತಾಯಂದಿರಾದುವು.

ಇಂಥ ವೇಷಸಾಮ್ಯ ನಮ್ಮಲ್ಲಿ ಇನ್ನೂ ಹೆಚ್ಚು. ‘ಹೊತ್ತು’ ಎಂಬ ಎರಡಕ್ಷರವನ್ನೇ ನೋಡಿ. ‘ಹೊತ್ತು ಮುಳುಗಿತು’ ಎಂಬಲ್ಲಿ ಅದು ಹಳಗನ್ನಡದ ‘ಪೊೞ್ತು’. ೞಕಾರ ಕರಗಿ, ‘ಕೞ್ತೆ’ಯು ಕತ್ತೆಯಾದಂತೆ, ಹೊತ್ತಾಯಿತು. ‘ಮೂಟೆ ಹೊತ್ತು ತಂದ’ ಎಂಬಲ್ಲಿ ಅದು ‘ಹೊರು’ ಧಾತುವಿನ ರೂಪ. ‘ಬೆಂಕಿ ಹೊತ್ತಿತು’ ಎಂಬಲ್ಲಿ ‘ಪೊತ್ತು’ ಎಂಬ ಮತ್ತೊಂದು ಧಾತು. ತಳ ಹಿಡಿದ ಅನ್ನವನ್ನು ‘ಹೊತ್ತಿದೆ’ ಎನ್ನುವ ಗೃಹಿಣಿ ಈ ಮೂರನೆಯದನ್ನು ತಪ್ಪದೆ ಬಳಸುತ್ತಾಳೆ. ವ್ಯಾಕರಣ ಓದಿದವರು ತಡವರಿಸಿಯಾರು.

‘ಬೆಂಕಿ ಹತ್ತಿತು’ ಎಂಬ ಪ್ರಯೋಗ ಬೇರೆ ಬಗೆಯದು. ಇಂಗ್ಲಿಷಿನವರ ಮನೆಯೇ ಬೆಂಕಿಯನ್ನು ಹಿಡಿಯುತ್ತದೆ. ನಮ್ಮಲ್ಲಿ ಬೆಂಕಿ ಬಂದು ಮನೆಗೆ ಹತ್ತುತ್ತದೆ. ‘ಹತ್ತು’ ಎಂದರೆ ಅಂಟು. ತಮಿಳಿನ ‘ಪಱ್ಱು’ವಿನ ಬಂಧು. ಬೇಯು, ಬೇಗೆ, ಬೆವರುಗಳ ಒಡನಾಡಿಯಾದ ‘ಬೆಂಕಿ’ ಅಡುಗೆಮನೆಯ ಪದ. ‘ಕಿಚ್ಚು’ ಹಾಗಲ್ಲ. ಸಂಕ್ರಾಂತಿಯ ಸಂಜೆ ಮೈಸೂರಿನ ಅಂಚಿನ ಸಿದ್ದಲಿಂಗಪುರದಲ್ಲಿ ಹುಲ್ಲಿಗೆ ಉರಿಯಿಟ್ಟು ಸಿಂಗರಿಸಿದ ದನಗಳನ್ನು ಹಾಯಿಸುವುದನ್ನು ‘ಕಿಚ್ಚು ಹಾಯಿಸುವುದು’ ಎನ್ನುತ್ತಾರೆಯೇ ಹೊರತು ‘ಬೆಂಕಿ ಹಾಯಿಸುವುದು’ ಎಂದು ಹೇಳುವವರನ್ನು ನಾವು ಕೇಳಿಲ್ಲ. ಕಾಡಿನದೂ ಕಿಚ್ಚೇ, ಹೊಟ್ಟೆಯದೂ ಕಿಚ್ಚೇ.

ಇಷ್ಟು ಸಂಪತ್ತಿರುವಾಗ ನಮ್ಮ ಭಾಷಾಂತರಗಳು ಮಾಡುತ್ತಿರುವುದೇನು? ಒಲೆಗಾಗಲಿ, ಹಣತೆಗಾಗಲಿ, ಕೋಪಕ್ಕಾಗಲಿ ‘ಪ್ರಜ್ವಲಿಸು’ ಎಂಬುದೊಂದನ್ನೇ ಒಡ್ಡುತ್ತಿವೆ. ದೀಪವನ್ನು ಹಚ್ಚಬೇಕು, ಒಲೆಯನ್ನು ಹೊತ್ತಿಸಬೇಕು, ಕೋಪವನ್ನು ಕೆರಳಿಸಬೇಕು, ಆಸೆಯನ್ನು ಹುಟ್ಟಿಸಬೇಕು. (ಹುಟ್ಟಿಸು ಎಂಬಲ್ಲಿ ರೋಸಲಿಂಡಳ ಮೊಲ ಮತ್ತೆ ಇಣುಕುತ್ತದೆ.) ಸಂಸ್ಕೃತವೇ ಬೇಕೆನ್ನುವವರಿಗೆ ರಸಶಾಸ್ತ್ರದ ‘ಉದ್ದೀಪನ’ವಿದೆ: ಭಾವಕ್ಕೆ ಆಶ್ರಯವಾದುದು ಆಲಂಬನ, ಅದನ್ನು ಉರಿಸುವ ಬೆಳದಿಂಗಳು, ತಂಗಾಳಿ ಮೊದಲಾದುವು ಉದ್ದೀಪನ. ಇಷ್ಟು ಸೂಕ್ಷ್ಮವಾದ ಪದವನ್ನು ಅಲಂಕಾರಶಾಸ್ತ್ರದ ಪ್ರಶ್ನೋತ್ತರಕ್ಕೆ ಕಟ್ಟಿಹಾಕಿದ್ದೇವೆ. ‘ಇಂಧನ’ದ ಗತಿಯೂ ಅಂಥದೇ. ಹೊತ್ತಿಸುವುದೆಂಬರ್ಥದ ‘ಇಂಧ್’ ಧಾತುವಿನಿಂದ ಸಮಿತ್ತಿನೊಡನೆ ಹುಟ್ಟಿದ ಆ ಪದ ಇಂದು ಪೆಟ್ರೋಲಿನ ದರಪಟ್ಟಿಯಲ್ಲಿ ಕುಳಿತಿದೆ.

ನಮ್ಮ ಹೆಚ್ಚಿನ ಚಿಂತೆ ಇನ್ನೊಂದಿದೆ. ಇತ್ತೀಚೆಗೆ ಒಂದು ಅನುವಾದದಲ್ಲಿ ‘ಬೆಂಕಿ ಹೊತ್ತಿಸಲು ಬಳಸುವ ಸಣ್ಣ ಮರದ ತುಂಡುಗಳು’ ಎಂಬ ಉದ್ದನೆಯ ವರ್ಣನೆಯನ್ನು ಓದಿದೆವು. ಹಳೆ ಮೈಸೂರಿನ ಯಾವ ಹಳ್ಳಿಯ ಮುದುಕಿಯನ್ನು ಕೇಳಿದ್ದರೂ ‘ಪುರಳೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು! ಅನುವಾದಕರನ್ನು ದೂರಿ ಫಲವಿಲ್ಲ. ಗ್ಯಾಸಿನ ಒಲೆಯ ಮುಂದೆ ಬೆಳೆದವರಿಗೆ ಪುರಳೆ ಎಲ್ಲಿ, ಊದುಗೊಳವೆ ಎಲ್ಲಿ? ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಗ್ಗೆ ಕೆದಕಿ ಊದಿ ಮತ್ತೆ ಉರಿ ಎಬ್ಬಿಸುತ್ತಿದ್ದುದನ್ನು ಕಾಣದವರಿಗೆ ‘ಬೂದಿ ಮುಚ್ಚಿದ ಕೆಂಡ’ ಎಂಬುದು ಪರೀಕ್ಷೆಗೆ ಉರುಹಚ್ಚುವ ನುಡಿಗಟ್ಟಷ್ಟೆ. ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡ ತಾಯಂದಿರಿಗೆ ಗ್ಯಾಸು ವರವೇ ಸರಿ. ಸೌದೆಯ ಒಲೆ ಮರಳಿ ಬರಲೆಂದು ನಾವು ಬಯಸುವವರಲ್ಲ.

ಪದಗಳ ಮಾತು ಬೇರೆ. ಕಿಟೆಲ್ 1894ರಲ್ಲಿ ನಿಘಂಟನ್ನು ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ 1995ರ ಹೊತ್ತಿಗೆ ಪೂರ್ಣಗೊಂಡಿತು. ಅವುಗಳಲ್ಲಿ ಇರುವುದನ್ನು ಹುಡುಕಬಹುದು. ಇಲ್ಲದಿರುವುದನ್ನು ಮನೆಮನೆಯಲ್ಲಿ ಕೇಳಿಯೇ ತರಬೇಕು. ಅಧ್ಯಾಪಕರು ಈ ಬೇಸಿಗೆಯ ರಜೆಗೆ ವಿದ್ಯಾರ್ಥಿಗಳಿಗೆ ಪ್ರಬಂಧದ ಬದಲು ಇದೊಂದು ಕೆಲಸ ಕೊಡಲಿ: ಊರಿನ ಅಜ್ಜಿಯರಿಂದ ಒಲೆಗೂ ಉರಿಗೂ ಸೇರಿದ ಮಾತುಗಳನ್ನು, ಅವರು ಆಡಿದ ವಾಕ್ಯದೊಡನೆಯೇ, ಊರಿನ ಹೆಸರು ಸಹಿತ ಬರೆದುಕೊಂಡು ಬರುವುದು. ಅರ್ಥವನ್ನು ತಾವೇ ಊಹಿಸಿ ತಿದ್ದುವುದು ಬೇಡ.