ಬಾಯಿಂದ ಮದ್ದು ತುಂಬುವ ಬಂದೂಕಿಗೆ ನೀರು ತಾಗಿಸಬಾರದೇ?

“ಬಂದೂಕಿಗೆ ನೀರು ತಾಗಿಸಬೇಡಿ, ತುಕ್ಕು ಹಿಡಿಯುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟರೆ ಸಾಕು.” ಕೋವಿ ಇರುವ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಜೊತೆಗೆ ಇನ್ನೊಂದು ಮಾತೂ ಇದೆ: “ಕುದುರೆ ಎಳೆದರೂ ಗುಂಡು ಹಾರಲಿಲ್ಲವೇ? ಮದ್ದು ತಂಡಿ ಹಿಡಿದಿರಬೇಕು.” ಇಂದಿನ ತೋಟೆ ಬಂದೂಕುಗಳ ಮಟ್ಟಿಗೆ ಮೊದಲನೆಯದು ಬಹುಪಾಲು ಸರಿ. ಆದರೆ ನಳಿಗೆಯ ಬಾಯಿಯಿಂದ ಮದ್ದು ಮತ್ತು ಗುಂಡು ತುಂಬುವ ಬಂದೂಕಿಗೆ ಅದು ತಪ್ಪು. ಎರಡನೆಯದು ಅರ್ಧ ಮಾತ್ರ ನಿಜ. ಏಕೆಂದು ತಿಳಿಯಲು ಮದ್ದು ಉರಿದ ಮೇಲೆ ಏನು ಉಳಿಯುತ್ತದೆ ಎಂದು ನೋಡಬೇಕು.

ಹಳೆಯ ಬಂದೂಕು, ಹೊಸ ರೂಪ

ಕೊಡಗು, ಮಲೆನಾಡಿನವರಿಗೆ ಕೇಪಿನ ಕೋವಿ ಗೊತ್ತು. ಸುತ್ತಿಗೆ ಕೇಪಿನ ಮೇಲೆ ಬಡಿದಾಗ ಹುಟ್ಟುವ ಕಿಡಿ ಸಣ್ಣ ತೂತಿನ ಮೂಲಕ ನಳಿಗೆಯೊಳಗಿನ ಮದ್ದಿಗೆ ತಲುಪುತ್ತದೆ. ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಪೇಟೆಂಟ್ ಪಡೆದರು. ಕೇಪು ಬಂದದ್ದು ಅದರ ನಂತರ.

ಅಮೆರಿಕದ ಅನೇಕ ರಾಜ್ಯಗಳಲ್ಲಿ ಇಂಥ ಬಂದೂಕುಗಳಿಗೆಂದೇ ಪ್ರತ್ಯೇಕ ಬೇಟೆಯ ಅವಧಿ ಇದೆ. ಹಾಗಾಗಿ ಅಲ್ಲಿ ಇವು ಆಧುನಿಕ ರೂಪ ಪಡೆದಿವೆ. ಟೋನಿ ನೈಟ್ ಎಂಬ ಬಂದೂಕು ತಯಾರಕರು 1985ರಲ್ಲಿ ತಂದ ಎಂಕೆ-85 ಮಾದರಿಯಿಂದ ‘ಇನ್‌ಲೈನ್’ ರೈಫಲ್‌ಗಳು ಜನಪ್ರಿಯವಾದವು. ಇವುಗಳಲ್ಲಿ ಕಿಡಿ ಪಕ್ಕದಿಂದ ಬರುವುದಿಲ್ಲ, ಮದ್ದಿನ ನೇರ ಹಿಂದಿನಿಂದ ಬರುತ್ತದೆ. ನಳಿಗೆಯ ಹಿಂಬದಿಯನ್ನು ‘ಬ್ರೀಚ್ ಪ್ಲಗ್’ ಎಂಬ ತಿರುಪು ಮುಚ್ಚಿರುತ್ತದೆ. ಅದರ ನಡುವೆ ಒಂದು ಮಿಲಿಮೀಟರಿಗಿಂತ ಕಿರಿದಾದ ಕಿಡಿಗಂಡಿ ಇರುತ್ತದೆ. ಹಿಂದೆ ಕೂರುವುದು ಈಗ ಹೆಚ್ಚಾಗಿ 209 ಪ್ರೈಮರ್. ಇದು ಮೂಲತಃ ಶಾಟ್‌ಗನ್ ತೋಟೆಗಾಗಿ ಮಾಡಿದ್ದು, ಹಳೆಯ ಕೇಪಿಗಿಂತ ಬಹಳ ಜೋರು.

ಒಳಗೆ ಉಳಿಯುವುದು ಒಂದೇ ಬಗೆಯ ಮಸಿಯಲ್ಲ

ಕಪ್ಪು ಮದ್ದಿನಲ್ಲಿ ನೂರಕ್ಕೆ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಇರುತ್ತದೆ. ಉರಿದಾಗ ಇದರ ತೂಕದ ಅರ್ಧಕ್ಕಿಂತ ಕಡಿಮೆ ಭಾಗ ಅನಿಲವಾಗುತ್ತದೆ. ಉಳಿದದ್ದು ಘನವಸ್ತು. ಅದರಲ್ಲಿ ಒಂದಿಷ್ಟು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ, ಇನ್ನೊಂದಿಷ್ಟು ನಳಿಗೆಗೆ ಅಂಟುತ್ತದೆ. ನೋಡಲು ಕಪ್ಪಗಿದ್ದರೂ ಇದು ಬಹುಪಾಲು ಇಂಗಾಲವಲ್ಲ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್‌ನಂಥ ಲವಣಗಳು.

ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರಾಡುವುದನ್ನು ನೋಡಿದ್ದೀರಲ್ಲ? ಈ ಲವಣಗಳೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಉಕ್ಕಿಗೆ ತುಕ್ಕು ಹಿಡಿಸುವುದು ಈ ಒದ್ದೆ ಲವಣವೇ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಮೇಲೆ ಎಣ್ಣೆ ಸವರಿದರೆ ಲವಣ ಅಡಿಯಲ್ಲೇ ಕೂತು ತನ್ನ ಕೆಲಸ ಮಾಡುತ್ತದೆ. ನೀರಿನಲ್ಲಿ ಮಾತ್ರ ಅದು ಸಲೀಸಾಗಿ ಕರಗುತ್ತದೆ. ತೊಳೆಯುವಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಸಲ್ಫೈಡ್ ಲವಣದ್ದು. ಪೈರೊಡೆಕ್ಸ್‌ನಂಥ ಬದಲಿ ಮದ್ದುಗಳಲ್ಲಿ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಇರುವುದರಿಂದ ಕ್ಲೋರೈಡ್ ಲವಣವೂ ಉಳಿಯುತ್ತದೆ. ಅದಕ್ಕೂ ನೀರೇ ಮದ್ದು. ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ತೆಳುವಾಗಿ ಎಣ್ಣೆ ಸವರಬೇಕು. ಈ ಕ್ರಮ ತಪ್ಪಬಾರದು.

ಕಿಡಿಗಂಡಿಯ ಕಥೆ ಬೇರೆ. ಅಲ್ಲಿ ಕೂರುವುದು ಪ್ರೈಮರಿನ ಶೇಷ ಮತ್ತು ಇಂಗಾಲ ಸೇರಿ ಆದ ಕಿಟ್ಟ. ಪ್ರತಿ ಈಡಿಗೂ ಬೇಯುತ್ತಾ ಇದು ದೋಸೆ ಕಾವಲಿಗೆ ಹತ್ತಿದ ಕರಕಿನಂತೆ ಗಟ್ಟಿಯಾಗುತ್ತದೆ. ಇದಕ್ಕೆ ನೀರು ಸಾಲದು. ಹಳೆಯ ಪಂಪ್ ಸ್ಟವ್ ನೆನಪಿದ್ದವರಿಗೆ ಇದು ಬೇಗ ಅರ್ಥವಾದೀತು. ಸೀಮೆಎಣ್ಣೆ ಎಷ್ಟೇ ಚೆನ್ನಾಗಿರಲಿ, ತೂತು ಕಟ್ಟಿದರೆ ಪಿನ್ ಹಾಕಲೇಬೇಕು. ಇಲ್ಲೂ ಹಾಗೆಯೇ. ಮದ್ದು ಒಣಗಿದ್ದರೂ ಕಿಡಿ ಅದನ್ನು ತಲುಪದಿದ್ದರೆ ಬಂದೂಕು ಹಾರುವುದಿಲ್ಲ. ಕಿಡಿಗಂಡಿಯಲ್ಲಿ ಎಣ್ಣೆ ನಿಂತಿದ್ದರೂ ಇದೇ ಗತಿ. ಹಾಗಾಗಿ ತಂಡಿ ಹಿಡಿದ ಮದ್ದನ್ನು ದೂರುವ ಮೊದಲು ಬ್ರೀಚ್ ಪ್ಲಗ್ ಬಿಚ್ಚಿ ನೋಡುವುದು ಒಳ್ಳೆಯದು.

ಜೋರು ಪ್ರೈಮರ್ ಇದ್ದರೆ ಒಳ್ಳೆಯದೇ?

ಹಾಗೆಂದು ಹಲವರು ನಂಬುತ್ತಾರೆ. ಆದರೆ ಕಿಡಿ ಜೋರಾದಷ್ಟೂ ಶೇಷ ಹೆಚ್ಚು, ಶಾಖವೂ ಹೆಚ್ಚು. ಕೆಲವು ಬದಲಿ ಮದ್ದುಗಳ ಜೊತೆ ಜೋರು 209 ಪ್ರೈಮರ್ ಬಳಸಿದಾಗ ನಳಿಗೆಯಲ್ಲಿ ಗುಂಡು ಕೂರುವ ಜಾಗದ ಸುತ್ತ ಗಟ್ಟಿ ಕಿಟ್ಟದ ಉಂಗುರ ಕಟ್ಟುತ್ತದೆ. ಈ ಕಾರಣಕ್ಕೇ ತಯಾರಕರು ಇಂಥ ಬಂದೂಕುಗಳಿಗಾಗಿ ಶಕ್ತಿ ಕಡಿಮೆ ಮಾಡಿದ 209 ಪ್ರೈಮರ್‌ಗಳನ್ನು ತಂದರು.

ಈ ಉಂಗುರ ಬರೀ ಕಿರಿಕಿರಿಯ ವಿಷಯವಲ್ಲ, ಅಪಾಯದ ವಿಷಯ. ಎರಡನೆಯ ಈಡು ತುಂಬುವಾಗ ಗುಂಡು ಅಲ್ಲೇ ಸಿಕ್ಕಿಕೊಳ್ಳಬಹುದು. ಪೂರ್ತಿ ಇಳಿಯಿತು ಎಂದು ತುಂಬುವವರು ಭಾವಿಸುತ್ತಾರೆ. ಆದರೆ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದಿರುತ್ತದೆ. ಹಾಗೆ ಹಾರಿಸಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಇದಕ್ಕೊಂದು ಸರಳ ಉಪಾಯವಿದೆ. ಗುಂಡು ಸರಿಯಾಗಿ ಕೂತಾಗ ಗುಂಡು ತಳ್ಳುವ ಕೋಲಿನ ಮೇಲೆ ನಳಿಗೆಯ ಬಾಯಿಯ ಮಟ್ಟಕ್ಕೆ ಒಂದು ಗುರುತು ಹಾಕಿಡುವುದು. ಪ್ರತಿ ಸಲವೂ ಕೋಲು ಆ ಗುರುತಿನವರೆಗೆ ಇಳಿಯಬೇಕು. ಇಳಿಯದಿದ್ದರೆ ಹಾರಿಸಬಾರದು. ಈಡುಗಳ ನಡುವೆ ಒದ್ದೆ ಬಟ್ಟೆಯ ತುಂಡಿನಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ನಳಿಗೆ ಒರೆಸಿದರೆ ಉಂಗುರ ಬೆಳೆಯುವುದಿಲ್ಲ.

ಹಾಗಾದರೆ ಕಿಟ್ಟವೇ ಕಟ್ಟದ, ಹೊಗೆ ಬಾರದ ಮದ್ದು ಹಾಕಬಾರದೇ? ಖಂಡಿತ ಬಾರದು. ಅದಕ್ಕೆಂದೇ ಕಟ್ಟಿದ ಕೆಲವೇ ಮಾದರಿಗಳನ್ನು ಬಿಟ್ಟರೆ, ಅದರ ಒತ್ತಡಕ್ಕೆ ಈ ಬಂದೂಕುಗಳು ಒಡೆದುಹೋಗಬಹುದು.

ಗುಂಡು ಹಾರದಿದ್ದಾಗ

ಕಿಂಡಿ ಅರ್ಧ ಕಟ್ಟಿದ್ದಾಗ ಕಿಡಿ ನಿಧಾನವಾಗಿ ದಾಟಬಹುದು. ‘ಟಿಕ್’ ಎಂದು ಸುಮ್ಮನಾದ ಬಂದೂಕು ಕೆಲವು ಕ್ಷಣಗಳ ನಂತರ ಹಾರಬಹುದು. “ಯಾಕೆ ಹಾರಲಿಲ್ಲ” ಎಂದು ನಳಿಗೆಯ ಬಾಯಿ ನೋಡುವುದು, ಪಕ್ಕದವರ ಕಡೆ ತಿರುಗಿಸುವುದು ಪ್ರಾಣಕ್ಕೇ ಎರವಾಗಬಹುದು. ಕನಿಷ್ಠ ಒಂದು ನಿಮಿಷ ನಳಿಗೆಯನ್ನು ಯಾರೂ ಇಲ್ಲದ ಸುರಕ್ಷಿತ ದಿಕ್ಕಿಗೇ ಹಿಡಿದಿರಬೇಕು.

ಶುಚಿ ಮಾಡುವಾಗ

ಮೊದಲು ಬಂದೂಕು ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳಿ. ಬ್ರೀಚ್ ಪ್ಲಗ್ ಬಿಚ್ಚಿ ಸಾಲ್ವೆಂಟಿನಲ್ಲಿ ನೆನೆಸಿ. ತಯಾರಕರು ಹೇಳಿದ ಅಳತೆಯ ಸಣ್ಣ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಕಿಟ್ಟ ತೆಗೆಯಿರಿ. ಯಂತ್ರ ಬಳಸಿ ಕಿಂಡಿ ಅಗಲವಾದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಪ್ಲಗ್ಗಿನ ತಿರುಪಿಗೆ ಗ್ರೀಸ್ ಹಚ್ಚಿದರೆ ಮುಂದಿನ ಸಲ ಸಲೀಸಾಗಿ ಬಿಚ್ಚುತ್ತದೆ. ಹೆಚ್ಚಿನ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತ ಇರುವುದರಿಂದ ಈ ಕೆಲಸ ಅಡುಗೆಮನೆಯ ಸಿಂಕಿನಲ್ಲಿ ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಒಟ್ಟಿನಲ್ಲಿ ನಳಿಗೆಯ ಲವಣಕ್ಕೆ ನೀರು, ಕಿಂಡಿಯ ಕಿಟ್ಟಕ್ಕೆ ಕೆರೆಯುವ ಕೆಲಸ, ಎಲ್ಲ ಒಣಗಿದ ಮೇಲೆ ಎಣ್ಣೆ. ಬರೀ ಎಣ್ಣೆ ಬಟ್ಟೆಯಲ್ಲಿ ಒರೆಸಿದ ಬಂದೂಕು ಹೊರಗಿನಿಂದ ಹೊಳೆಯಬಹುದು, ಒಳಗೆ ತುಕ್ಕು ಹಿಡಿಯುತ್ತಲೇ ಇರುತ್ತದೆ.