ಉರುವಿನ ಪದಕ, ಪದ್ಯದ ಸೋಲು

ಆರೇಳು ವರ್ಷದ ಮಕ್ಕಳಿಗಾಗಿ ಶಾಲೆಗಳು ಏರ್ಪಡಿಸುವ ಪದ್ಯ ಕಂಠಪಾಠ ಸ್ಪರ್ಧೆಗಳಲ್ಲಿ ಇಂದು ಅಳೆಯಲ್ಪಡುತ್ತಿರುವುದು ಮಗುವಿನ ನೆನಪು ಮತ್ತು ಮನೆಯವರ ತಯಾರಿ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಅಭಿನಯಗೀತೆ, ಛದ್ಮವೇಷ ಇವು ಪ್ರತ್ಯೇಕ ಸ್ಪರ್ಧೆಗಳು. ವೇದಿಕೆಯ ಮೇಲೆ ಮಾತ್ರ ಮೂರೂ ಒಂದಾಗಿಬಿಟ್ಟಿವೆ. ಚಂದ್ರ ಎಂದೊಡನೆ ಬೆರಳು ಮೇಲೇಳಬೇಕು, ಹೂವು ಎಂದೊಡನೆ ಅಂಗೈ ಅರಳಬೇಕು. ಪದದ ಅರ್ಥವನ್ನೆಲ್ಲ ಕೈಯೇ ಹೇಳಿಬಿಟ್ಟರೆ ದನಿಗೆ ಉಳಿಯುವ ಕೆಲಸವೇನು?

ಕನ್ನಡ ಕಾವ್ಯ ಬೆಳೆದದ್ದು ಕಿವಿಯ ಆಸರೆಯಲ್ಲಿ. ಕುಮಾರವ್ಯಾಸನ ಭಾರತವನ್ನು ಅಕ್ಷರ ಅರಿಯದವರಿಗೂ ಮುಟ್ಟಿಸಿದವರು ಗಮಕಿಗಳು. ರತ್ನಾಕರವರ್ಣಿ ತನ್ನ ‘ಭರತೇಶ ವೈಭವ’ಕ್ಕೆ ಆರಿಸಿಕೊಂಡ ಸಾಂಗತ್ಯ ಹಾಡಿಗೊದಗುವ ಛಂದಸ್ಸು. ಎಲ್ಲಿ ಪದ ಬಿಡಿಸಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಯಾವ ದನಿ ಎಂಬ ವಿವೇಕವೇ ಗಮಕಿಯ ಕಲೆ. ಭಾಮಿನಿ ಷಟ್ಪದಿಯ ಮೂರು–ನಾಲ್ಕು ಮಾತ್ರೆಗಳ ನಡೆಯನ್ನು ಕೇಳುಗರು ಪ್ರಸ್ತಾರ ಹಾಕದೆಯೇ ಬಲ್ಲವರಾಗಿದ್ದರು. ಕಂಠಪಾಠ ಈ ಪರಂಪರೆಯ ತಾಯಿಬೇರು. ಆಕ್ಷೇಪವಿರುವುದು ಕೇಳಿಸದೆ, ತಿಳಿಸದೆ ಹೊಡೆಸುವ ಉರುವಿನ ಬಗ್ಗೆ.

ಜಿ.ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನೇ ನೋಡಬಹುದು. ನಾಲ್ಕು ಮಾತ್ರೆಯ ಗಣಗಳು ಮಗುವಿನ ಹೆಜ್ಜೆಯಂತೆ ಕುಣಿಯುವ ರಚನೆ ಅದು. ತುತ್ತೂರಿ ತನಗೊಬ್ಬನಿಗೇ ಇದೆಯೆಂದು ಹುಡುಗ ಮೆರೆಯುತ್ತಾನೆ. ಅದು ಕೊಳಕ್ಕೆ ಜಾರಿ ಬಣ್ಣವನ್ನೂ ಸ್ವರವನ್ನೂ ಕಳೆದುಕೊಳ್ಳುತ್ತದೆ. ಜಂಬವನ್ನು ನಗೆಯಲ್ಲಿ ಕರಗಿಸುವ ಇಂಥ ಪದ್ಯವನ್ನು ಹೇಳಿಸಿ, ಒಂದು ಮಗುವಿನ ಕೊರಳಿಗೆ ಪದಕ ತೊಡಿಸಿ, ಉಳಿದವರನ್ನು ಬರಿಗೈಯಲ್ಲಿ ಕಳಿಸುವ ಹಿರಿಯರಿಗೆ ಆ ಪದ್ಯ ಅರ್ಥವಾಗಿದೆಯೆಂದು ಹೇಗೆ ನಂಬುವುದು?

ಸ್ಪರ್ಧೆಯಿಂದ ಸಭಾಕಂಪ ಹೋಗುತ್ತದೆ ಎಂಬ ಸಮರ್ಥನೆಯುಂಟು. ಗೆದ್ದ ಮಗುವಿನ ಮಟ್ಟಿಗೆ ಅದು ನಿಜವಿರಬಹುದು. ಮೂರನೆಯ ಸಾಲಿನಲ್ಲಿ ಮಾತು ಮರೆತು, ತೀರ್ಪುಗಾರರ ಲೇಖನಿಯನ್ನೇ ನೋಡುತ್ತ ನಿಂತ ಮಗು ಕಲಿಯುವುದು ಪದ್ಯವೆಂದರೆ ಹೆದರಿಕೆ ಎಂಬುದನ್ನು. ಶುದ್ಧ ಉಚ್ಚಾರಣೆಯ ಹೆಸರಿನ ಅಂಕಗಳಾದರೂ ಯಾರಿಗೆ ಸಲ್ಲುತ್ತವೆ? ಮನೆಮಾತಿನಲ್ಲಿ ಮಹಾಪ್ರಾಣವನ್ನು ಕೇಳಿರದ ಮಗು ವೇದಿಕೆ ಏರುವ ಮೊದಲೇ ಹಿಂದೆ ಬಿದ್ದಿರುತ್ತದೆ. ಛಂದಸ್ಸು ಇಷ್ಟು ನಿರ್ದಯವಲ್ಲ: ಅದರ ಲೆಕ್ಕದಲ್ಲಿ ‘ಕ’ಕಾರಕ್ಕೂ ಒಂದೇ ಮಾತ್ರೆ, ‘ಖ’ಕಾರಕ್ಕೂ ಒಂದೇ ಮಾತ್ರೆ.

ಇದರ ಫಲ ಕಾಣುವುದು ಹದಿನೈದು ವರ್ಷಗಳ ಅನಂತರ, ಸ್ನಾತಕೋತ್ತರ ತರಗತಿಗಳಲ್ಲಿ. ಲಘು ಗುರುಗಳನ್ನು ತಪ್ಪಿಲ್ಲದೆ ಗುರುತಿಸಿ ಪೂರ್ಣಾಂಕ ಪಡೆಯುವ ವಿದ್ಯಾರ್ಥಿ, ಅದೇ ಷಟ್ಪದಿಯನ್ನು ಗಟ್ಟಿಯಾಗಿ ಓದೆಂದರೆ ತಡವರಿಸುತ್ತಾನೆ. ಕಿವಿ ಎಳವೆಯಲ್ಲಿಯೇ ಮುಚ್ಚಿಹೋಗಿದ್ದರೆ ಛಂದಶ್ಶಾಸ್ತ್ರ ಬರಿಯ ಗಣಿತವಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ನಾಲ್ಕನೆಯ ತರಗತಿಯವರೆಗೆ ಸ್ಥಾನಗಳನ್ನು ಕೈಬಿಟ್ಟು ಸಾಮೂಹಿಕ ವಾಚನವನ್ನಷ್ಟೇ ಇರಿಸಬೇಕು. ಮೇಲಿನ ತರಗತಿಗಳಲ್ಲಿ ಪದ್ಯವನ್ನು ಮಗುವೇ ಆರಿಸಿಕೊಳ್ಳಲಿ; ಅಂಕಗಳು ಲಯಕ್ಕೆ, ಪದವಿಭಾಗಕ್ಕೆ, ಅರ್ಥದ ಅರಿವಿಗೆ ಸಲ್ಲಲಿ; ಕೈಸನ್ನೆಗಳು ಅಭಿನಯಗೀತೆಗೆ ಮರಳಲಿ. ವಾಚನ ಮುಗಿದೊಡನೆ ತೀರ್ಪುಗಾರರು, “ಈ ಪದ್ಯದಲ್ಲಿ ನಿನಗೆ ಯಾವುದು ಇಷ್ಟ ಮಗೂ?” ಎಂದು ಕೇಳಲಿ. ಆ ಒಂದು ಪ್ರಶ್ನೆಗೆ ಮನೆಯವರು ಉತ್ತರವನ್ನು ಉರು ಹೊಡೆಸಿ ಕಳಿಸುವ ಮೊದಲು ಪದ್ಯವನ್ನು ಒಮ್ಮೆಯಾದರೂ ತಾವೇ ಓದಬೇಕಾದೀತು.